ಮುಂದೆ ನಿಲ್ಲದೆ ನೋಡಿಕೊಳ್ಳಬಹುದೇ?

ಪ್ರಶ್ನೆ: ನನಗೆ 47 ವರ್ಷ. 62 ಮನೆಗಳು ಸೇರಿ ನಡೆಸುವ ನಮ್ಮ ಸಂಘದ ಹೆಸರಿನಲ್ಲಿ ಒಂದು ಕಾಡು, ಅದರ ನಡುವೆ ಒಂದು ಜೌಗು, ಜೌಗಿಗೆ ನೀರು ತರುವ ತೊರೆ ಇವೆ. 17 ವರ್ಷ ಒಬ್ಬರೇ ಅಧ್ಯಕ್ಷರಾಗಿದ್ದರು. ಕೆಲಸಗಾರರೇ, ಆದರೆ ಅವರು ಹೇಳಿದ್ದೇ ಕಾನೂನು. ಒಮ್ಮೆ ಯಾರನ್ನೂ ಕೇಳದೆ ಯಂತ್ರ ತರಿಸಿ ತೊರೆಯ ಅಂಕುಡೊಂಕು ತೆಗೆಸಿ ನೇರ ಮಾಡಿಸಿದರು. ನೀರು ನಿಲ್ಲದೆ ಹರಿದುಹೋಗಿ ಜೌಗು ಅರ್ಧಕ್ಕರ್ಧ ಒಣಗಿತು. ಅವರು ಬಿಟ್ಟ ಮೇಲೆ, ಗಿಡ ಹಕ್ಕಿಗಳ ಬಗ್ಗೆ ಗೊತ್ತಿದೆ ಎಂದು ನನ್ನನ್ನು ಆರಿಸಿದರು. ‘ನಾನು ಅಧ್ಯಕ್ಷಳಾಗುವುದಿಲ್ಲ, ಪಾಲಕಿಯಾಗಿರುತ್ತೇನೆ. ಪ್ರಕೃತಿಯಲ್ಲಿ ನಾಯಕರಿಲ್ಲ, ನಮಗೂ ಬೇಡ’ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಈಗ ಒಂದೂವರೆ ವರ್ಷ. ಸಭೆಗಳು ಮುಗಿಯುವುದೇ ಇಲ್ಲ. ಎಲ್ಲಿಂದಲೋ ಬಂದ ಬಳ್ಳಿಯೊಂದು ಕಾಡಿನ ಅಂಚನ್ನು ನುಂಗುತ್ತಿದೆ. ಮೂರು ಮನೆಯವರು ಪಾಲಿಗಿಂತ ಹೆಚ್ಚು ಸೌದೆ ಒಯ್ಯುತ್ತಾರೆ, ಕೇಳುವವರಿಲ್ಲ. ಹಿರಿಯ ಸದಸ್ಯರೊಬ್ಬರು ‘ನಿನ್ನ ಪುಕ್ಕಲುತನಕ್ಕೆ ಪ್ರಕೃತಿ ಅಂತ ಹೆಸರಿಟ್ಟಿದ್ದೀಯ’ ಅಂದುಬಿಟ್ಟರು. ನಾಯಕತ್ವದ ತರಬೇತಿಗೆ ಹೋದರೆ ಅಲ್ಲಿ ‘ತೋಳದ ಹಿಂಡಿಗೂ ಒಬ್ಬ ಒಡೆಯ ಬೇಕು, ಅದೇ ಪ್ರಕೃತಿ ನಿಯಮ’ ಎಂದರು. ಪಾಲನೆ ಎನ್ನುವುದು ನಾಯಕತ್ವಕ್ಕೆ ನಿಜವಾಗಿಯೂ ಪರ್ಯಾಯವೇ? ನಾನು ಕುರ್ಚಿಯಲ್ಲಿ ಕೂರಬೇಕೇ, ಬಿಟ್ಟು ಹೋಗಬೇಕೇ?

ಉತ್ತರ: ನೀವು ಕೇಳಿರುವುದು ಎರಡು ಪ್ರಶ್ನೆ, ಆದರೆ ಪತ್ರ ಬರೆಸಿದ್ದು ಆ ಹಿರಿಯರ ಮಾತು ಎಂದು ನನಗನ್ನಿಸುತ್ತದೆ. ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ನೀವು ಪುಕ್ಕಲರೆಂದು ನಾನು ನಂಬುವುದಿಲ್ಲ. ಕೈಗೆ ಬಂದ ಅಧಿಕಾರವನ್ನು ತುಂಬಿದ ಸಭೆಯಲ್ಲಿ ಬೇಡ ಎನ್ನುವುದಕ್ಕೂ ಧೈರ್ಯ ಬೇಕು. ಆದರೆ ಕುರ್ಚಿಯನ್ನು ಆಚೆ ಇಡುವಾಗ ಅದರ ಮೇಲಿದ್ದ ಕಡತಗಳನ್ನೂ ಆಚೆ ಇಟ್ಟುಬಿಟ್ಟಿರಿ. ಬಳ್ಳಿ ಕೀಳಿಸುವುದು ಯಾರು, ಸೌದೆ ಎಣಿಸುವುದು ಯಾರು, ‘ಇದು ನಿಮ್ಮ ಪಾಲಲ್ಲ’ ಎಂದು ಹೇಳುವುದು ಯಾರು? ಹಿಂದಿನ ಅಧ್ಯಕ್ಷರು ಇವನ್ನೆಲ್ಲ ಒರಟಾಗಿ ಮಾಡುತ್ತಿದ್ದರು. ಈಗ ಯಾರೂ ಮಾಡುತ್ತಿಲ್ಲ.

ನೀರು, ಕಾಡು, ಹುಲ್ಲುಗಾವಲುಗಳನ್ನು ಒಟ್ಟಾಗಿ ಇಟ್ಟುಕೊಂಡಿರುವ ಸಂಘಗಳ ಜೊತೆ ನಾನು 28 ವರ್ಷ ಕೆಲಸ ಮಾಡಿದ್ದೇನೆ. ಕುಸಿದುಬಿದ್ದ ಸಂಘಗಳಲ್ಲಿ ಸರ್ವಾಧಿಕಾರಿಯಿಂದ ಹಾಳಾದವೂ ಇದ್ದವು, ದಾಕ್ಷಿಣ್ಯದಿಂದ ಹಾಳಾದವೂ ಇದ್ದವು. ಎರಡನೆಯ ಬಗೆಯವು ಸದ್ದಿಲ್ಲದೆ ಹಾಳಾಗುತ್ತವೆ, ಅಷ್ಟೇ ವ್ಯತ್ಯಾಸ.

ಮೊದಲು ಪ್ರಾಣಿಗಳ ವಿಷಯ ಮುಗಿಸಿಬಿಡೋಣ. ತೋಳದ ಒಡೆಯನ ಕತೆ ಹುಟ್ಟಿದ್ದು ಕಾಡಿನಲ್ಲಲ್ಲ, ಮೃಗಾಲಯದಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಕೂಡಿಹಾಕಿದ್ದ ತೋಳಗಳನ್ನು ಗಮನಿಸಿ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದ ಲೇಖನ ಅದರ ಬೇರು. ನಂಟಿಲ್ಲದ ತೋಳಗಳನ್ನು ಒಂದೇ ಆವರಣಕ್ಕೆ ತುಂಬಿದರೆ ಅವು ಕಚ್ಚಾಡಿಯೇ ಮೇಲು ಕೀಳು ಗೊತ್ತುಮಾಡಿಕೊಳ್ಳುತ್ತವೆ. ಮನುಷ್ಯರನ್ನು ತುಂಬಿದರೂ ಅಷ್ಟೆ. ಡೇವಿಡ್ ಮೀಚ್ ಎಂಬ ಜೀವಶಾಸ್ತ್ರಜ್ಞ 1970ರಲ್ಲಿ ತಂದ ಪುಸ್ತಕದಿಂದ ಒಡೆಯ ತೋಳ ಎಂಬ ಅರ್ಥದ ‘ಆಲ್ಫಾ’ ಎಂಬ ಪದ ಎಲ್ಲರ ಬಾಯಿಗೆ ಬಂತು. ಆಮೇಲೆ ಅದೇ ಮೀಚ್ ಕೆನಡಾದ ಬಡಗಣ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ 13 ಬೇಸಿಗೆಗಳನ್ನು ಕಾಡುತೋಳಗಳ ನಡುವೆ ಕಳೆದು, 1999ರಲ್ಲಿ ತಮ್ಮ ಮಾತನ್ನು ತಾವೇ ತಿದ್ದಿದರು. ಕಾಡಿನಲ್ಲಿ ಹಿಂಡು ಎಂದರೆ ಬಹುಪಾಲು ಅಪ್ಪ, ಅಮ್ಮ, ಮರಿಗಳು. ಮುಂದೆ ನಡೆಯುವುದು ಹೆತ್ತವರು, ಗೆದ್ದವರಲ್ಲ. ಹಳೆಯ ಪುಸ್ತಕವನ್ನು ಇನ್ನು ಮುದ್ರಿಸಬೇಡಿ ಎಂದು ಮೀಚ್ ಪ್ರಕಾಶಕರಿಗೆ ದುಂಬಾಲು ಬಿದ್ದರು. ಆ ಸುದ್ದಿ ತರಬೇತಿ ಶಿಬಿರಗಳಿಗೆ ಇನ್ನೂ ಮುಟ್ಟಿದಂತಿಲ್ಲ.

ಹಾಗೆಂದು ‘ಪ್ರಕೃತಿಯಲ್ಲಿ ನಾಯಕರಿಲ್ಲ’ ಎಂಬ ನಿಮ್ಮ ವಾಕ್ಯವೂ ಗೆಲ್ಲುವುದಿಲ್ಲ. ತಾಂಜಾನಿಯಾದ ತರಂಗಿರೆ ರಾಷ್ಟ್ರೀಯ ಉದ್ಯಾನದಲ್ಲಿ 1993ರಲ್ಲಿ ಘೋರ ಬರ ಬಂದಾಗ, ಹಿರಿಯ ಹೆಣ್ಣಾನೆಗಳಿದ್ದ ಹಿಂಡುಗಳು ಉದ್ಯಾನವನ್ನೇ ಬಿಟ್ಟು ನೀರು ಮೇವು ಹುಡುಕಿಕೊಂಡು ಹೊರಟವು. ಅಲ್ಲೇ ಉಳಿದ ಹಿಂಡುಗಳಲ್ಲಿ ಮರಿಗಳು ಹೆಚ್ಚು ಸತ್ತವು. ಹಳೆಯ ಬರವನ್ನು ಕಂಡ ನೆನಪು ಮುದಿ ಆನೆಗಳ ತಲೆಯಲ್ಲಿ ಇದ್ದಿರಬೇಕು ಎನ್ನುವುದು ಸಂಶೋಧಕರ ವಿವರಣೆ. ಇದು ನಾಯಕತ್ವವೇ. ಇನ್ನು ಜೇನು. ರಾಣಿ ಆಳುವುದಿಲ್ಲ, ಮೊಟ್ಟೆ ಇಡುತ್ತದೆ. ಹೊಸ ಗೂಡಿನ ಜಾಗ ಗೊತ್ತುಮಾಡುವುದು ನೂರಾರು ಶೋಧಕ ಹುಳುಗಳು. ತಾವು ನೋಡಿ ಬಂದ ಪೊಟರೆಯನ್ನು ಕುಣಿತದಲ್ಲಿ ಸಾರುತ್ತವೆ, ಉಳಿದವು ಹೋಗಿ ಸ್ವತಃ ಪರೀಕ್ಷಿಸುತ್ತವೆ, ಒಂದು ಜಾಗದಲ್ಲಿ ಒಮ್ಮೆಗೆ 20–30 ಹುಳು ನೆರೆದರೆ ತೀರ್ಮಾನವಾದಂತೆ. ಥಾಮಸ್ ಸೀಲಿ ಮತ್ತು ಸಂಗಡಿಗರು ಇದನ್ನು ದಶಕಗಳ ಕಾಲ ಅಳೆದಿದ್ದಾರೆ. ನಿಮ್ಮ ಸಭೆಗೆ ಇಲ್ಲಿಂದ ಒಂದು ಅಂಶ ತೆಗೆದುಕೊಳ್ಳಬಹುದು: ಜೇನುಗಳು ಎಲ್ಲರ ಒಪ್ಪಿಗೆಗೆ ಕಾಯುವುದಿಲ್ಲ, ಸಾಕಷ್ಟು ಹುಳುಗಳ ಒಪ್ಪಿಗೆಗೆ ಕಾಯುತ್ತವೆ. ಅಷ್ಟೇ ಅಲ್ಲ, ಬೇರೆ ಜಾಗದ ಪರವಾಗಿ ಕುಣಿಯುವ ಹುಳುವಿಗೆ ತಲೆಯಿಂದ ಡಿಕ್ಕಿ ಹೊಡೆದು ‘ಸಾಕು ನಿಲ್ಲಿಸು’ ಎನ್ನುವ ಸಂಜ್ಞೆಯೂ ಅವುಗಳಲ್ಲಿದೆ. ಜೇನಿಗೆ ದಾಕ್ಷಿಣ್ಯವಿಲ್ಲ.

ಮರಗಳು ಬೇರುಗಳ ಬೂಷ್ಟಿನ ಮೂಲಕ ಒಂದನ್ನೊಂದು ಸಾಕುತ್ತವೆ ಎಂಬ ಕತೆಯನ್ನೂ ನೀವು ಕೇಳಿರುತ್ತೀರಿ. ಬರ್ಚ್ ಮತ್ತು ಫರ್ ಸಸಿಗಳ ನಡುವೆ ಇಂಗಾಲ ದಾಟುವುದನ್ನು 1997ರ ಪ್ರಯೋಗವೊಂದು ತೋರಿಸಿದ್ದು ನಿಜ. ಆದರೆ ಅದರ ಮೇಲೆ ಕಟ್ಟಿದ ‘ತಾಯಿಮರ’ದ ದೊಡ್ಡ ಕತೆಗೆ ಕಾಡಿನಲ್ಲಿ ಸಿಕ್ಕ ಆಧಾರ ಸಾಲದು ಎಂದು 2023ರಲ್ಲಿ ಅದೇ ಕ್ಷೇತ್ರದ ಮೂವರು ವಿಜ್ಞಾನಿಗಳು ಬರೆದಿದ್ದಾರೆ. ಒಟ್ಟಿನಲ್ಲಿ, ಯಾರಿಗೆ ಯಾವ ನೀತಿ ಬೇಕೋ ಅವರು ಅದಕ್ಕೆ ತಕ್ಕ ಪ್ರಾಣಿಯನ್ನು ಹಿಡಿದು ತರುತ್ತಾರೆ. ನಿಮ್ಮ ಸಂಘ ತೋಳದ ಹಿಂಡೂ ಅಲ್ಲ, ಜೇನುಗೂಡೂ ಅಲ್ಲ. ಅದು 62 ಮನೆಗಳ ಸಂಘ. ಅದಕ್ಕೆ ಬೇಕಾದ ಪಾಠ ಬೇರೆ ಮನುಷ್ಯರ ಬಳಿಯೇ ಇದೆ.

ಪಾಲನೆ ಎನ್ನುವ ಸಂಸ್ಕೃತ ಪದ ಸ್ವಲ್ಪ ಗಂಧ ಪೂಸಿಕೊಂಡು ಕೂತಿರುತ್ತದೆ. ನನಗೆ ‘ನೋಡಿಕೊಳ್ಳುವುದು’ ಎನ್ನುವ ಮಾತೇ ಇಷ್ಟ. ಮಗುವನ್ನು, ಹಸುವನ್ನು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತೇವೆ. ಆ ಮಾತಿನೊಳಗೆ ‘ನೋಡು’ ಇದೆ. ಮುಂದಾಳು ಎಂದರೆ ಮುಂದೆ ನಿಂತ ಆಳು. ಬೆನ್ನು ನಮಗೆ, ಮುಖ ದಾರಿಗೆ. ನೋಡಿಕೊಳ್ಳುವವರ ಮುಖ ಇರುವುದು ತಮ್ಮ ಕೈಯಲ್ಲಿರುವುದರ ಕಡೆಗೆ. ನಾಯಕರು ಗೆದ್ದರೋ ಸೋತರೋ ಎಂದು ಜನ ಹೇಳುತ್ತಾರೆ. ಪಾಲಕರು ಗೆದ್ದರೋ ಸೋತರೋ ಎಂದು ಜೌಗು ಹೇಳುತ್ತದೆ, ಅದಕ್ಕೆ ಚಪ್ಪಾಳೆ ತಟ್ಟಲು ಬರುವುದಿಲ್ಲ. ಹಾಗಾಗಿ ಇದು ನಾಯಕತ್ವದ ಮೆದು ರೂಪ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಅನುಭವದಲ್ಲಿ ಇದು ಬಿಗಿಯಾದ ಕೆಲಸ: ಅಧಿಕಾರ ಇದ್ದೇ ಇರುತ್ತದೆ, ಆದರೆ ಅದಕ್ಕೊಂದು ಅಳತೆ ಇರುತ್ತದೆ, ಅವಧಿ ಇರುತ್ತದೆ, ಲೆಕ್ಕ ಕೇಳುವವರು ಇರುತ್ತಾರೆ.

ಒಬ್ಬರ ಕೈಯಲ್ಲಿ ಎಲ್ಲವೂ ಇದ್ದಾಗ ಏಕೆ ಕೆಡುತ್ತದೆ ಎನ್ನುವುದನ್ನು ನಿಮ್ಮ ತೊರೆಯೇ ತೋರಿಸಿದೆ. ಹಿಂದಿನ ಅಧ್ಯಕ್ಷರು ಕೆಟ್ಟವರಾಗಿದ್ದರಿಂದ ಅದು ನಡೆಯಲಿಲ್ಲ. ತೊರೆಯ ಅಂಚಿನಲ್ಲಿ ದಿನವೂ ಓಡಾಡುವವರಿಗೆ ಗೊತ್ತಿದ್ದದ್ದು ಅವರ ಕಿವಿಗೆ ಬೀಳುವ ದಾರಿ ಇರಲಿಲ್ಲ. ಇದೇ ಕಾಯಿಲೆಯ ದೊಡ್ಡ ರೂಪ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಿನಲ್ಲಿ ಕಂಡಿತು. ಸುಮಾರು 500 ವರ್ಷ ಜನರನ್ನು ಸಾಕಿದ್ದ ಕಾಡ್ ಎಂಬ ಮೀನು ಅಲ್ಲಿ ಹೆಚ್ಚುಕಡಿಮೆ ಬರಿದಾಗಿ, 1992ರ ಜುಲೈನಲ್ಲಿ ಸರ್ಕಾರ ಅದರ ಬೇಟೆಯನ್ನೇ ನಿಲ್ಲಿಸಬೇಕಾಯಿತು. ಸುಮಾರು 30,000 ಜನರ ಕೆಲಸ ಹೋಯಿತು. ದಡದ ಸಣ್ಣ ದೋಣಿಯವರು 1980ರ ದಶಕದಲ್ಲೇ ‘ಮೀನು ಕಡಿಮೆಯಾಗುತ್ತಿದೆ, ಗಾತ್ರವೂ ಚಿಕ್ಕದಾಗುತ್ತಿದೆ’ ಎಂದು ಕೂಗಿದ್ದರು. ಮೇಲಿನವರ ಅಂದಾಜು ಬಹುಮಟ್ಟಿಗೆ ದೊಡ್ಡ ಟ್ರಾಲರ್‌ಗಳು ಹಿಡಿದ ಮೀನಿನ ಲೆಕ್ಕವನ್ನು ನಂಬಿತ್ತು. ಇಲ್ಲೊಂದು ಸೂಕ್ಷ್ಮವಿದೆ. ಸಂಖ್ಯೆ ಕುಸಿದಾಗ ಈ ಮೀನು ಉಳಿದ ಜಾಗಗಳಲ್ಲಿ ಒತ್ತಾಗಿ ಗುಂಪುಗೂಡುತ್ತದೆ. ಯಂತ್ರ ಹಿಡಿದು ಹುಡುಕುವ ಟ್ರಾಲರ್‌ಗೆ ಆ ಗುಂಪು ಸಿಕ್ಕೇ ಸಿಗುತ್ತದೆ. ಆದ್ದರಿಂದ ಮೀನು ಮುಗಿಯುವವರೆಗೂ ಟ್ರಾಲರ್‌ನ ಲೆಕ್ಕದಲ್ಲಿ ಮೀನು ಮುಗಿದಿರಲಿಲ್ಲ. ಆ ನಿಷೇಧ ತೆರವಾದದ್ದು 32 ವರ್ಷಗಳ ನಂತರ, 2024ರಲ್ಲಿ.

ಹಾಗಾದರೆ ಯಾರೂ ಮೇಲಿಲ್ಲದಿದ್ದರೆ? ಅಮೆರಿಕದ ಸ್ತ್ರೀವಾದಿ ಜೋ ಫ್ರೀಮನ್ 1970ರಲ್ಲಿ ತಮ್ಮ ಚಳವಳಿಯ ‘ನಾಯಕಿಯರಿಲ್ಲದ’ ಗುಂಪುಗಳ ಬಗ್ಗೆ ಮಾಡಿದ ಭಾಷಣ ಇಂದಿಗೂ ಹಳೆಯದಾಗಿಲ್ಲ. ರಚನೆಯೇ ಇಲ್ಲದ ಗುಂಪು ಎನ್ನುವುದು ಇರುವುದಿಲ್ಲ, ಕಾಣಿಸದ ರಚನೆ ಇರುತ್ತದೆ ಎನ್ನುವುದು ಅವರ ವಾದದ ಸಾರ. ಬರೆದಿಟ್ಟ ಅಧಿಕಾರ ಇಲ್ಲದ ಕಡೆ ಗಟ್ಟಿ ಗಂಟಲಿನವರು, ಬಿಡುವಿರುವವರು, ಹಳೆಯ ಗೆಳೆತನ ಇರುವವರು ಆಳುತ್ತಾರೆ. ಅವರನ್ನು ಇಳಿಸುವುದಕ್ಕೂ ಆಗುವುದಿಲ್ಲ, ಏಕೆಂದರೆ ಅವರು ಎಲ್ಲಿಯೂ ಏರಿಲ್ಲವಲ್ಲ! ನಿಮ್ಮ ಕಾಡಿನಲ್ಲಿ ಈಗ ಆ ಮೂರು ಮನೆಯವರು ಯಾವ ಚುನಾವಣೆಯೂ ಇಲ್ಲದೆ ಸೌದೆಯ ನೀತಿ ನಿರೂಪಕರಾಗಿದ್ದಾರೆ.

ಈ ಎರಡು ಗುಂಡಿಗಳ ನಡುವೆ ದಾರಿ ಮಾಡಿಕೊಂಡವರು ಇದ್ದಾರೆ. ಎಲ್ಲರಿಗೂ ಸೇರಿದ ಹುಲ್ಲುಗಾವಲು ಹಾಳಾಗಿಯೇ ತೀರುತ್ತದೆ ಎಂದು ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದರು. ಎಲಿನಾರ್ ಆಸ್ಟ್ರಂ ಜಗತ್ತಿನ ನಾನಾ ಕಡೆಯ ನಿದರ್ಶನಗಳನ್ನು ಕಲೆಹಾಕಿ ‘ಯಾವಾಗಲೂ ಅಲ್ಲ’ ಎಂದು ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು. ಅವರು ಎತ್ತಿ ತೋರಿಸಿದ್ದರಲ್ಲಿ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯ ಒಂದು ನಿಯಮ ನನಗೆ ಬಹಳ ಪ್ರಿಯ. 1517ರದ್ದು ಅದು: ಚಳಿಗಾಲದಲ್ಲಿ ಎಷ್ಟು ಹಸುಗಳಿಗೆ ನಿಮ್ಮ ಮನೆಯ ಮೇವು ಸಾಕಾಗುತ್ತದೋ ಅಷ್ಟನ್ನು ಮಾತ್ರ ಬೇಸಿಗೆಯಲ್ಲಿ ಊರ ಹುಲ್ಲುಗಾವಲಿಗೆ ಬಿಡಬಹುದು. ಎಷ್ಟು ಸರಳ ನೋಡಿ. ಹುಲ್ಲುಗಾವಲಿನ ಮಿತಿಯನ್ನು ಭಾಷಣದಿಂದ ಕಾಯದೆ ಪ್ರತಿ ಮನೆಯ ಹಟ್ಟಿಯಿಂದ ಕಾಯ್ದರು. ಎಣಿಸುವುದು ಸುಲಭ, ಸುಳ್ಳು ಹೇಳುವುದು ಕಷ್ಟ. ಮೀರಿದವರಿಗೆ ದಂಡ ಹಾಕಲು ಒಬ್ಬ ಅಧಿಕಾರಿ ಇದ್ದ, ವಸೂಲಾದ ದಂಡದಲ್ಲಿ ಅರ್ಧ ಅವನಿಗೆ. ದೊಡ್ಡ ನಾಯಕನ ಹೆಸರು ಆ ಕತೆಯಲ್ಲಿ ಎಲ್ಲಿಯೂ ಬರುವುದಿಲ್ಲ, ಆದರೆ ಕೇಳುವವರು ಇಲ್ಲದೆ ಒಂದು ಹಸುವೂ ಮೇಯಲಿಲ್ಲ.

ಅಮೆರಿಕದ ಮೇನ್ ರಾಜ್ಯದ ಕರಾವಳಿಯಲ್ಲಿ ದೊಡ್ಡ ಸಿಗಡಿಯಂಥ ಲಾಬ್‌ಸ್ಟರ್ ಹಿಡಿಯುವವರದು ಇನ್ನೊಂದು ರೀತಿ. ಬೋನಿಗೆ ಮೊಟ್ಟೆ ಹೊತ್ತ ಹೆಣ್ಣು ಬಿದ್ದರೆ ಅದರ ಬಾಲದ ಅಂಚಿನಲ್ಲಿ ‘ವಿ’ ಆಕಾರದ ಕಚ್ಚು ಮಾಡಿ ನೀರಿಗೆ ಬಿಡುತ್ತಾರೆ. ಮುಂದೆ ಅದು ಬೇರೆಯವರ ಬೋನಿಗೆ ಬಿದ್ದಾಗ, ಮೈಮೇಲೆ ಮೊಟ್ಟೆ ಇಲ್ಲದಿದ್ದರೂ ಆ ಕಚ್ಚು ನೋಡಿ ಬಿಡಲೇಬೇಕು. ತೀರಾ ಚಿಕ್ಕದನ್ನೂ ತೀರಾ ದೊಡ್ಡದನ್ನೂ ಹಿಡಿಯುವಂತಿಲ್ಲ. ಒಬ್ಬ ಮೀನುಗಾರ ಇನ್ನೊಬ್ಬ ಅಪರಿಚಿತನಿಗೆ ಪ್ರಾಣಿಯ ಮೈಮೇಲೆ ಬರೆದ ಪತ್ರ ಅದು. ಕಡಲು ಬಿಸಿಯಾಗತೊಡಗಿದಾಗ ಅದರ ಬೆಲೆ ತಿಳಿಯಿತು: ಇಷ್ಟು ಬಿಗಿಯಾದ ಕಾಪು ಇಲ್ಲದಿದ್ದ, ಅದೇ ಕರಾವಳಿಯಲ್ಲಿ ಮೇನ್‌ನ ಕೆಳಗಿರುವ ದಕ್ಷಿಣ ನ್ಯೂ ಇಂಗ್ಲೆಂಡಿನಲ್ಲಿ ಲಾಬ್‌ಸ್ಟರ್ ಉದ್ಯಮ ಕುಸಿಯಿತು, ಮೇನ್‌ನಲ್ಲಿ ಬೆಳೆಯಿತು. ಆ ವ್ಯತ್ಯಾಸದಲ್ಲಿ ಈ ಪದ್ಧತಿಗಳ ಪಾಲು ದೊಡ್ಡದು ಎಂದು 2018ರ ಅಧ್ಯಯನ ಹೇಳಿತು. ಜೊತೆಗೇ, ನೀರು ಇನ್ನಷ್ಟು ಬಿಸಿಯಾದರೆ ಮೇನ್‌ನಲ್ಲೂ ಇಳಿಕೆ ಬರುತ್ತದೆ ಎಂದೂ ಹೇಳಿತು. ಪಾಲಕರ ಕೈ ಎಷ್ಟುದ್ದ ಚಾಚುತ್ತದೆ, ಎಲ್ಲಿ ನಿಲ್ಲುತ್ತದೆ ಎನ್ನುವುದು ಎರಡೂ ಇದರಲ್ಲಿವೆ.

ನನ್ನದೇ ತಪ್ಪೊಂದನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ನೀರಿನ ಸಂಘಕ್ಕೆ ನಿಯಮಾವಳಿ ಬರೆದುಕೊಟ್ಟೆ. ‘ಪರಸ್ಪರ ನಂಬಿಕೆ’, ‘ಪ್ರಕೃತಿಯ ಬಗ್ಗೆ ಗೌರವ’ ಎಲ್ಲ ಇತ್ತು, ದಂಡದ ಕಲಮು ಇರಲಿಲ್ಲ. ಒಳ್ಳೆಯ ಜನರ ನಡುವೆ ದಂಡವೇಕೆ ಎಂದುಕೊಂಡಿದ್ದೆ. ಮೂರನೇ ವರ್ಷ ಮೇಲ್ಭಾಗದ ಒಬ್ಬರು ರಾತ್ರಿ ತೂಬು ಎತ್ತಿದರು. ಯಾರೂ ಏನೂ ಅನ್ನಲಿಲ್ಲ. ನಾಲ್ಕನೇ ವರ್ಷ ಏಳು ಮಂದಿ ಎತ್ತಿದರು. ಸಂಘ ಒಡೆದದ್ದು ನೀರಿನ ಕೊರತೆಯಿಂದಲ್ಲ, ‘ಅವರನ್ನು ಕೇಳಲಿಲ್ಲ, ನನ್ನನ್ನೇಕೆ ಕೇಳುತ್ತೀರಿ’ ಎಂಬ ಒಂದು ವಾಕ್ಯದಿಂದ. ಅಂದಿನಿಂದ ಯಾವ ಸಂಘ ನಿಯಮ ತೋರಿಸಿದರೂ ನಾನು ಹಿಂದಿನ ಪುಟದಿಂದ ಓದಲು ಶುರುಮಾಡುತ್ತೇನೆ: ಮೀರಿದವರಿಗೆ ಏನಾಗುತ್ತದೆ?

ಉತ್ತರ ಕಠೋರವಾಗಿರಬೇಕಿಲ್ಲ. ಬಾಳಿಕೆ ಬಂದ ಸಂಘಗಳಲ್ಲಿ ಶಿಕ್ಷೆ ಮೆಟ್ಟಿಲು ಮೆಟ್ಟಿಲಾಗಿ ಏರುವುದನ್ನು ಆಸ್ಟ್ರಂ ಗುರುತಿಸಿದ್ದರು. ಮೊದಲ ಸಲ ಮನೆಗೆ ಹೋಗಿ ಮಾತು. ಎರಡನೇ ಸಲ ನಡಾವಳಿ ಪುಸ್ತಕದಲ್ಲಿ ಹೆಸರು. ಆಮೇಲೆ ಸೌದೆಯ ಒಂದು ಸರದಿ ತಪ್ಪುತ್ತದೆ. ದಂಡ, ಸದಸ್ಯತ್ವ ರದ್ದು ಎಲ್ಲ ಅದರಾಚೆ. ಮೊದಲ ಎರಡರಲ್ಲೇ ಹೆಚ್ಚಿನವರು ನಿಲ್ಲುತ್ತಾರೆ.

ಆದರೆ ಆ ಮೂರು ಮನೆಗಳ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಅವರು ಸೌದೆ ಒಯ್ಯುವುದು ಮಾರಲಿಕ್ಕೋ, ಉರಿಸಲಿಕ್ಕೋ? ಇದನ್ನು ಕೇಳದೆ ಮುಂದೆ ಹೋಗಬೇಡಿ. ಕಾಡನ್ನು ಕಾಯುವ ಹೆಸರಿನಲ್ಲಿ ಅದನ್ನೇ ನಂಬಿದವರನ್ನು ಹೊರಗಟ್ಟಿದ ಚರಿತ್ರೆ ಉದ್ದವಿದೆ. ಬ್ರಿಟಿಷರ 1878ರ ಅರಣ್ಯ ಕಾಯಿದೆ ಭಾರತದ ಕಾಡುಗಳನ್ನು ‘ಕಾದಿರಿಸಿ’ದಾಗ ಕಾಡಿನವರ ರೂಢಿಯ ಹಕ್ಕುಗಳು ರಾತ್ರೋರಾತ್ರಿ ಅಪರಾಧಗಳಾದವು. 1872ರಲ್ಲಿ ಘೋಷಿತವಾದ ಯೆಲ್ಲೊಸ್ಟೋನ್ ಉದ್ಯಾನದಿಂದ ಅಲ್ಲಿನ ಮೂಲನಿವಾಸಿಗಳನ್ನು ಹೊರಹಾಕಲಾಯಿತು. ಸಣ್ಣ ಸಂಘಗಳೂ ಇದಕ್ಕೆ ಹೊರತಲ್ಲ. ಗುಜರಾತ್ ಮತ್ತು ನೇಪಾಳದ ಸಮುದಾಯ ಅರಣ್ಯ ಗುಂಪುಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್, ಸಮಿತಿಯಲ್ಲಿ ಹೆಂಗಸರ ಮಾತಿಗೆ ಜಾಗವಿಲ್ಲದ ಕಡೆ ಕಾಡು ಮುಚ್ಚಿದ ಭಾರವೆಲ್ಲ ಸೌದೆ ಹೊರುವ ಹೆಂಗಸರ ತಲೆಗೇ ಬೀಳುವುದನ್ನು ತೋರಿಸಿದ್ದಾರೆ. ಸಮಿತಿಯಲ್ಲಿ ಹೆಂಗಸರು ಹೆಚ್ಚಿದ್ದ ಕಡೆ ಕಾಡಿನ ಸ್ಥಿತಿಯೂ ಉತ್ತಮವಾಗಿತ್ತು. ನಿಮ್ಮ ಮೂರರಲ್ಲಿ ಒಂದು ಮನೆಗೆ ಬೇರೆ ಉರುವಲೇ ಇಲ್ಲ ಎಂದಾದರೆ, ಅಲ್ಲಿ ತಪ್ಪಿರುವುದು ಪಾಲು ಗೊತ್ತುಮಾಡಿದ ರೀತಿ.

ಪಾಲಕರೆಂದು ಹೆಸರಿಟ್ಟರೆ ಸಾಲದು, ಆ ಹೆಸರಿನ ಕೆಳಗೆ ಕೆಲಸ ಬರೆಯಬೇಕು ಎನ್ನುವುದಕ್ಕೆ 2017ರ ಮಾರ್ಚ್ ತಿಂಗಳೊಂದೇ ಸಾಕು. ನ್ಯೂಜಿಲೆಂಡಿನ ಸಂಸತ್ತು ವಾಂಗನುಯಿ ನದಿಗೆ ಕಾನೂನಿನ ವ್ಯಕ್ತಿತ್ವ, ಅಂದರೆ ಮನುಷ್ಯರಿಗಿರುವಂಥ ಹಕ್ಕು ಹೊಣೆಗಳನ್ನು ಕೊಟ್ಟಿತು. ಅದರ ಹಿಂದೆ 1870ರ ದಶಕದಿಂದ ನಡೆದ, ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಹೋರಾಟವಿತ್ತು. ನದಿಯ ಪರವಾಗಿ ಮಾತಾಡಲು ಇಬ್ಬರು. ಒಬ್ಬರನ್ನು ಸರ್ಕಾರ, ಒಬ್ಬರನ್ನು ನದಿಯ ಮಾವೊರಿ ಬುಡಕಟ್ಟುಗಳು ಆರಿಸುತ್ತವೆ. ಅವರ ಕರ್ತವ್ಯ, ಅವರಿಗೆ ಸಲಹೆ ಕೊಡುವ ಗುಂಪು, ಹಣದ ನಿಧಿ ಎಲ್ಲವೂ ಕಾಯಿದೆಯಲ್ಲಿ ಬರೆದಿದೆ. ಅದೇ ತಿಂಗಳು ಉತ್ತರಾಖಂಡದ ಹೈಕೋರ್ಟ್ ಗಂಗೆ ಯಮುನೆಯರನ್ನೂ ಕಾನೂನಿನ ವ್ಯಕ್ತಿಗಳೆಂದು ಸಾರಿ, ಕೆಲವು ಅಧಿಕಾರಿಗಳನ್ನು ಪಾಲಕರೆಂದು ನೇಮಿಸಿತು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ನೆರೆ ಬಂದು ಜನ ಸತ್ತರೆ ಪರಿಹಾರದ ದಾವೆಯನ್ನು ಯಾರ ಮೇಲೆ ಹೂಡುವುದು? ನದಿ ಬೇರೆ ರಾಜ್ಯಗಳಲ್ಲೂ ಹರಿಯುತ್ತದಲ್ಲ, ಅಲ್ಲಿಯ ಹೊಣೆ ಯಾರದು? ಜುಲೈನಲ್ಲಿ ಆ ಆದೇಶಕ್ಕೆ ತಡೆ ಬಿತ್ತು. ಪೂಜೆಗೆ ಗಂಗೆಗೆ ಎಂದೂ ಕೊರತೆಯಾಗಿಲ್ಲ. ಬರೆದಿಟ್ಟ ಹೊಣೆಯದ್ದೇ ಕೊರತೆ.

ಈಗ ನಿಮ್ಮ ಮುಂದಿರುವ ದಾರಿಗಳು. ನೀವು ಅಧ್ಯಕ್ಷ ಕುರ್ಚಿಯಲ್ಲಿ ಹಳೆಯ ಅಧಿಕಾರದೊಂದಿಗೇ ಕೂರಬಹುದು. ಬಳ್ಳಿ ಬೇಗ ಹೋಗುತ್ತದೆ, ಸೌದೆ ನಿಲ್ಲುತ್ತದೆ, ಸದಸ್ಯರು ಉಸಿರು ಬಿಡುತ್ತಾರೆ. ಅಪಾಯ ಇರುವುದು ಐದನೇ ವರ್ಷದಲ್ಲಿ: ನೀವು ಸರಿ ಇರುವುದು ಎಲ್ಲರಿಗೂ ಅಭ್ಯಾಸವಾಗಿ, ನೀವು ತಪ್ಪಿದಾಗ ಹೇಳುವ ಬಾಯಿ ಇರುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದು ಹಾಗೆಯೇ ಶುರುವಾಗುತ್ತದೆ, ಒಳ್ಳೆಯ ಬೇಲಿಯಿಂದ. ಇಲ್ಲವೇ, ಕಾಡನ್ನು ಹೊರಗಿನ ಸಂಸ್ಥೆಯೊಂದಕ್ಕೆ ಒಪ್ಪಿಸಿ ನೀವು ದೂರ ಸರಿಯಬಹುದು. ಪರಿಣತಿ, ಹಣ ಎರಡೂ ಬರಬಹುದು. ಆದರೆ ತಮ್ಮದಲ್ಲ ಎಂದು ಒಮ್ಮೆ ಅನ್ನಿಸಿದ ಕಾಡಿಗೆ ಬೆಂಕಿ ಬಿದ್ದಾಗ 62 ಮನೆಗಳಿಂದ ಎಷ್ಟು ಜನ ಓಡಿ ಬರುತ್ತಾರೆ ಎನ್ನುವುದನ್ನು ಲೆಕ್ಕ ಹಾಕಿ. ಈಗಿರುವಂತೆಯೇ ಮುಂದುವರಿಯುವುದು ಮೂರನೆಯದು. ಅದರ ಫಲ ನೀವೇ ಬರೆದಿದ್ದೀರಿ.

ನಾನಾದರೆ ಪಾಲಕಿ ಎಂಬ ಪದವನ್ನು ಬಿಡುವುದಿಲ್ಲ, ಆದರೆ ಅದನ್ನು ಒಡೆದು ಹಂಚುತ್ತೇನೆ. ಸಭೆ ನಡೆಸುವವರು ಒಬ್ಬರು, ಅವರಿಗೆ ಅಷ್ಟೇ ಕೆಲಸ. ತೊರೆ ಮತ್ತು ಜೌಗಿಗೆ ಒಬ್ಬರು, ಕಾಡಿನ ಅಂಚಿಗೆ ಒಬ್ಬರು, ಸೌದೆಗೆ ಒಬ್ಬರು. ‘ಸಮಿತಿ’ ಎಂದು ಬರೆಯಬೇಡಿ, ವ್ಯಕ್ತಿಯ ಹೆಸರು ಬರೆಯಿರಿ. ಎರಡು ವರ್ಷದ ಅವಧಿ, ಹೆಚ್ಚೆಂದರೆ ಎರಡು ಸಲ. ಬೆಂಕಿ, ನೆರೆಯಂಥ ತುರ್ತಿನಲ್ಲಿ ಒಬ್ಬರ ಮಾತೇ ಅಂತಿಮ, 72 ಗಂಟೆಗಳ ಮಟ್ಟಿಗೆ. ಆಮೇಲೆ ಸಭೆಗೆ ವರದಿ. ಹೌದು, ಅದು ಹಳೆಯ ಮಾದರಿಯ ನಾಯಕತ್ವವೇ. ಮನೆಗೆ ಬೆಂಕಿ ಬಿದ್ದಾಗ ಠರಾವು ಮಂಡಿಸುವುದಿಲ್ಲ.

ಯಾವುದನ್ನು ಪಾಲಕರು ಒಬ್ಬರೇ ತೀರ್ಮಾನಿಸಬಹುದು, ಯಾವುದಕ್ಕೆ ಸರ್ವಸದಸ್ಯರ ಸಭೆ ಬೇಕು ಎನ್ನುವಲ್ಲಿ ಜಗಳ ಬರುತ್ತದೆ. ಹೆಚ್ಚಿನ ಸಂಘಗಳು ಖರ್ಚಿನ ಮೊತ್ತದಿಂದ ಗೆರೆ ಎಳೆಯುತ್ತವೆ. ನೆಲ ನೀರಿನ ವಿಷಯದಲ್ಲಿ ಅದು ತಪ್ಪು ಗೆರೆ. ಯಂತ್ರದ ಒಂದು ದಿನದ ಬಾಡಿಗೆ ಎಷ್ಟೇ ಅಗ್ಗವಾಗಿದ್ದರೂ ತೊರೆ ಮತ್ತೆ ಬಳುಕುವುದಕ್ಕೆ ದಶಕಗಳು ಬೇಕು. ಮರಳಿ ಸರಿಪಡಿಸಲು ಆಗುತ್ತದೆಯೇ ಎಂದು ಕೇಳಿ ಗೆರೆ ಎಳೆಯಿರಿ. ಒಂದು ಋತುವಿನಲ್ಲಿ ಹಿಂದಕ್ಕೆ ತರಬಹುದಾದ್ದನ್ನು, ಉದಾಹರಣೆಗೆ ಬಳ್ಳಿ ಕೀಳುವುದು, ಸರದಿ ಬದಲಿಸುವುದು, ಕಾಲುದಾರಿ ಮುಚ್ಚುವುದು, ಪಾಲಕರು ತಾವೇ ಮಾಡಲಿ. ಹಿಂದಕ್ಕೆ ತರಲಾಗದ್ದು, ಅಂದರೆ ಹಳೆಯ ಮರ ಉರುಳಿಸುವುದು, ನೀರಿನ ದಾರಿ ಬದಲಿಸುವುದು, ಹೊಸ ಜೀವಜಾತಿ ತರುವುದು, ಇವಕ್ಕೆ ಮೂರರಲ್ಲಿ ಎರಡು ಪಾಲು ಮತ, ಮತ್ತು ತೀರ್ಮಾನವಾದ ಮೇಲೂ 30 ದಿನ ಕಾಯುವುದು. ಒಮ್ಮತಕ್ಕೆ ಮಾತ್ರ ಕಾಯಬೇಡಿ. 62 ಮನೆಗಳ ಒಮ್ಮತ ಎಂದರೆ ಪ್ರತಿ ಮನೆಯ ಕೈಗೂ ಒಂದೊಂದು ಬೀಗ ಕೊಟ್ಟಂತೆ.

ಇದರಲ್ಲೂ ತೊಡಕುಗಳಿವೆ. ಹಂಚಿದ ಹೊಣೆಗಳ ನಡುವಿನ ಸಂದಿಯಲ್ಲಿ ಕೆಲಸ ಬಿದ್ದುಹೋಗುತ್ತದೆ: ಬಳ್ಳಿ ಅಂಚಿನಿಂದ ಜೌಗಿಗೆ ದಾಟಿದರೆ ಯಾರದು? ಎರಡು ವರ್ಷಕ್ಕೊಮ್ಮೆ ಪಾಲಕರು ಬದಲಾದರೆ ನೆನಪು ಸೋರುತ್ತದೆ, ಆ ಮುದಿ ಆನೆಯ ಬಳಿ ಇದ್ದಂಥ ನೆನಪು. ಅದಕ್ಕೇ ದಿನಚರಿ ಪುಸ್ತಕ ಬೇಕು, ಮತ್ತು ಹಿಂದಿನ ಅಧ್ಯಕ್ಷರು ಬೇಕು. ಅವರನ್ನು ಕರೆಯಿರಿ. ತೊರೆ ನೇರ ಮಾಡುವ ಮೊದಲು ಅದು ಎಲ್ಲೆಲ್ಲಿ ತಿರುಗುತ್ತಿತ್ತು ಎನ್ನುವುದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಅದನ್ನು ತೆಗೆಸಿದವರಿಗೇ. ಹಾಗೆ ಕೇಳಿದರೆ ಅವರಿಗೂ ಒಂದು ಬಾಗಿಲು ತೆರೆಯುತ್ತದೆ.

ತೊರೆಯ ವಿಷಯದಲ್ಲಿ ಅವಸರ ಬೇಡ. ನೇರ ಮಾಡಿದ ತೊರೆ ವೇಗವಾಗಿ ಹರಿದು ತನ್ನ ತಳವನ್ನೇ ಕೊರೆಯುತ್ತದೆ. ತಳ ಇಳಿದಂತೆ ಅಕ್ಕಪಕ್ಕದ ಅಂತರ್ಜಲವೂ ಇಳಿದು ಜೌಗು ಬರಿದಾಗುತ್ತದೆ. ಮರದ ತುಂಡು, ಕಲ್ಲುಗಳ ಸಣ್ಣ ಅಡ್ಡಗಳಿಂದ ನೀರನ್ನು ನಿಧಾನಿಸಬಹುದು. ಕೆಳಗಿನವರ ಜಮೀನಿಗೆ ನೀರು ನುಗ್ಗುವ ಸಾಧ್ಯತೆ ಇದ್ದೇ ಇದೆ, ಆದ್ದರಿಂದ ಅವರನ್ನೂ ಸಂಬಂಧಪಟ್ಟ ಇಲಾಖೆಯನ್ನೂ ಕೇಳದೆ ಒಂದು ಕಲ್ಲನ್ನೂ ಇಡಬೇಡಿ. ಒಂದು ಅಡ್ಡ ಇಟ್ಟು ಒಂದು ಮಳೆಗಾಲ ನೋಡಿ, ಆಮೇಲೆ ಎರಡನೆಯದು. ಬಳ್ಳಿಯ ವಿಷಯ ತದ್ವಿರುದ್ಧ. ಅದು ಕಾಯಿ ಬಿಟ್ಟು ಬೀಜ ಉದುರಿಸುವ ಮೊದಲೇ ಕೀಳಬೇಕು. ನಿಮ್ಮ ಸಭೆಯ ಕೋರಂ ತುಂಬಲಿ ಎಂದು ಅದು ಹೂವನ್ನು ತಡೆಹಿಡಿಯುವುದಿಲ್ಲ.

ಮೊದಲ ಕೆಲಸ ಮಾತ್ರ ತೀರಾ ಚಿಕ್ಕದು. ಅಡಿ, ಅಂಗುಲಗಳ ಗುರುತು ಹಾಕಿದ ಒಂದು ಕೋಲನ್ನು ಜೌಗಿನ ನಡುವೆ ನೆಡಿ. ವಾರಕ್ಕೊಮ್ಮೆ ಒಂದು ಮನೆಯವರು ಸರದಿಯಂತೆ ಹೋಗಿ ನೀರಿನ ಮಟ್ಟ ನೋಡಿ, ಎಲ್ಲರೂ ಓಡಾಡುವ ಕಡೆ ಹಲಗೆಯ ಮೇಲೆ ಬರೆಯಲಿ. ಪಕ್ಕದಲ್ಲೇ ಆ ವಾರ ಕಾಡಿನಿಂದ ಹೊರಬಂದ ಸೌದೆಯ ಹೊರೆಗಳ ಸಂಖ್ಯೆ. ಯಾರ ಹೆಸರೂ ಬೇಡ, ಮೊದಲ ಆರು ತಿಂಗಳು ಬರೀ ಅಂಕೆಗಳು. ನಾನು ಕಂಡ ಒಂದು ಸಂಘದಲ್ಲಿ ಇಂಥ ಹಲಗೆ ಬಂದ ಮೇಲೆ ಸಭೆಯ ಜಗಳ ‘ನೀನು ಯಾರು ಹೇಳಲಿಕ್ಕೆ’ ಎನ್ನುವುದರಿಂದ ‘ಹೋದ ತಿಂಗಳಿಗಿಂತ ನಾಲ್ಕು ಅಂಗುಲ ಏಕೆ ಇಳಿಯಿತು’ ಎನ್ನುವುದಕ್ಕೆ ತಿರುಗಿತು. ಜಗಳ ನಿಲ್ಲಲಿಲ್ಲ, ಆದರೆ ಜಗಳವಾಡಲು ಒಳ್ಳೆಯ ವಿಷಯ ಸಿಕ್ಕಿತು.

ನಿಮ್ಮನ್ನು ಪುಕ್ಕಲರೆಂದ ಆ ಹಿರಿಯರಿಗೆ ಸೌದೆಯ ಲೆಕ್ಕ ಒಪ್ಪಿಸಿ ನೋಡಿ. ಮುಖಕ್ಕೆ ಹೊಡೆದಂತೆ ಹೇಳಬಲ್ಲವರು ನಿಮ್ಮ ಸಂಘದಲ್ಲಿ ಸದ್ಯಕ್ಕೆ ಅವರೊಬ್ಬರೇ ಇದ್ದಂತಿದೆ. ಮತ್ತೆ ಬರೆಯುವಾಗ ಜೌಗಿನ ನೀರು ಎಷ್ಟು ಅಡಿ ಇದೆ ಎಂದು ಬರೆಯಿರಿ. ನಿಮ್ಮ ಈ ಪತ್ರದಲ್ಲಿ ಎಲ್ಲರ ಮಾತೂ ಇತ್ತು, ಅದೊಂದು ಇರಲಿಲ್ಲ.